ಹೊಸ ಲಾನಿಗೆ ಮೊದಲ ಕತ್ತರಿ: ಕುಮಟಾ ಬದಿಯ ಒಂದು ಅಂಗಳದ ಪ್ರಕರಣ

ಕುಮಟಾ–ಗೋಕರ್ಣ ನಡುವಿನ ಒಂದು ಹೋಮ್‌ಸ್ಟೇ. ಮನೆ ಕಟ್ಟುವಾಗ ಗುಡ್ಡದ ಅಂಚು ಕಡಿದು ಸಮತಟ್ಟು ಮಾಡಿದ ಅಂಗಳ, ಒಟ್ಟು 1,800 ಚದರ ಅಡಿ. ಅದರಲ್ಲಿ ಪಡುವಣ ಬದಿಯ 1,100 ಅಡಿಗೆ ಇಡೀ ದಿನ ಬಿಸಿಲು. ಉಳಿದ 700 ಅಡಿ ಒಂದು ಹಳೇ ಮಾವಿನಮರ ಮತ್ತು ಎರಡು ತೆಂಗಿನಮರಗಳ ನೆರಳಲ್ಲಿದೆ. ಅಡಿಯಲ್ಲಿ ಚಿರೆಕಲ್ಲಿನ ಗಟ್ಟಿ ಪದರ. ಅದರ ಮೇಲೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ನಾಲ್ಕು ಇಂಚು ದಪ್ಪಕ್ಕೆ ಹರಡಿದ್ದರು.

ಮೇ 16ರಂದು ಹುಲ್ಲು ಹಾಸಿದರು. ಜಾತಿ ಬರ್ಮುಡಾ, ನರ್ಸರಿಯವರ ಬಾಯಲ್ಲಿ ‘ಸೆಲೆಕ್ಷನ್ ವನ್’, ನಮ್ಮ ಗರಿಕೆಯ ಕುಲದ್ದೇ. ಘಟ್ಟದ ಮೇಲಿಂದ ಲಾರಿಯಲ್ಲಿ ಬಂದ ಎರಡಡಿ ಉದ್ದ, ಒಂದಡಿ ಅಗಲದ ತುಂಡುಗಳು. ಬೇರಿಗೆ ಅಂಟಿಕೊಂಡು ಬಂದ ಮಣ್ಣು ಸುಮಾರು ಒಂದು ಇಂಚು, ಜಿಗುಟು ಜಾತಿಯದು. ತುಂಡುಗಳನ್ನು ಜೋಡಿಸಿದ್ದು ಸರಿಯಾಗಿಯೇ ಇತ್ತು, ಆದರೆ ಮೇಲೆ ರೋಲರ್ ಎಳೆದಿರಲಿಲ್ಲ. ದಿನಕ್ಕೆರಡು ಬಾರಿ ನೀರು ಬಿಟ್ಟರು. ಹಾಸಿದವರು ಹೋಗುವಾಗ ಹೇಳಿದ ಮಾತು: ಒಂದು ತಿಂಗಳು ಮಷಿನ್ ಮುಟ್ಟಿಸಬೇಡಿ.

ತಿಂಗಳು ತುಂಬುವ ಮೊದಲೇ ಮಳೆ ಹಿಡಿಯಿತು. ಜೂನ್ 12ಕ್ಕೆ ಬಿಸಿಲಿನ ಬದಿಯ ಹುಲ್ಲು ನಾಲ್ಕೂವರೆ ಇಂಚು, ನೆರಳಿನದು ಐದು ಇಂಚು. ತೋಟಕ್ಕೆ ಬರುವ ಕೆಲಸದವನು ಅಂಗಳ ನೋಡಿ, ‘ಅಣ್ಣಾ, ಹುಲ್ಲು ಎದ್ದು ನಿಂತದೆ, ಒಂದು ಕೈ ಹೊಡೆದುಬಿಡ್ಲಾ?’ ಎಂದ. ಅಡಿಕೆ ತೋಟದ ಕಳೆ ಹೊಡೆಯುವ ವೀಡ್ ಕಟರ್ ಹೇಗೂ ಕೈಯಲ್ಲೇ ಇತ್ತು. ನೈಲಾನ್ ದಾರ ಹಾಕಿ, ನೆರಳಿನ 700 ಅಡಿ ಪೂರ್ತಿ ಮತ್ತು ಬಿಸಿಲಿನ ಬದಿಯಲ್ಲಿ ಸುಮಾರು 500 ಅಡಿ ಹೊಡೆದ. ಅಷ್ಟರಲ್ಲಿ ಮತ್ತೆ ಮಳೆ ಜೋರಾಗಿ ಕೆಲಸ ನಿಂತಿತು. ಹೀಗೆ ಬಿಸಿಲಿನಲ್ಲಿ 600 ಅಡಿ ಕತ್ತರಿ ಕಾಣದೆ ಉಳಿಯಿತು. ಮುಂದೆ ಹೋಲಿಸಿ ನೋಡಲು ಇದೇ ಉಪಯೋಗಕ್ಕೆ ಬಂತು.

ಮೂರನೇ ದಿನಕ್ಕೆ ಹೊಡೆದ ಜಾಗವೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನೆರಳಿನಲ್ಲಿ ಹತ್ತಾರು ತುಂಡುಗಳ ಮೂಲೆ ಎದ್ದಿತ್ತು. ಹಿಮ್ಮಡಿಯ ಗುಳಿಗಳಲ್ಲಿ ನೀರು ನಿಂತಿತ್ತು. ಕತ್ತರಿಸಿದ ಹುಲ್ಲು ಮುದ್ದೆಮುದ್ದೆಯಾಗಿ ಬಿದ್ದಲ್ಲೇ ಕೊಳೆಯುತ್ತ, ಅದರಡಿ ಬಿಳಿ ಜೇಡರಬಲೆಯಂಥ ಬೂಷ್ಟು ಹಬ್ಬಿತ್ತು.

ಎಡವಿದ್ದೆಲ್ಲಿ

ಮನೆಯವರು ಬೈದದ್ದು ವೀಡ್ ಕಟರನ್ನು. ಅದರ ಪಾಲಿನ ತಪ್ಪು ಇದೆ, ಆದರೆ ಎಡವಟ್ಟು ಶುರುವಾದದ್ದು ಅದಕ್ಕಿಂತ ಎರಡು ವಾರ ಹಿಂದೆ. ಬಿಸಿಲಿನ ಬದಿಯ ಹುಲ್ಲು ಮೇ ಕೊನೆಯ ಹೊತ್ತಿಗೇ ಮೂರು ಇಂಚು ದಾಟಿತ್ತು. ರೋಹಿಣಿ ಮಳೆಯ ಬಿಡಿ ಹನಿಗಳನ್ನು ಬಿಟ್ಟರೆ ನೆಲ ಒಣಗಿಯೇ ಇತ್ತು. ಕರಾವಳಿಯ ಮೇ ಸೆಖೆಗೆ ಬರ್ಮುಡಾ ಹತ್ತರಿಂದ ಹದಿನಾಲ್ಕು ದಿನದಲ್ಲಿ ಕೆಳಗಿನ ಮಣ್ಣಿಗೆ ಬೇರಿಳಿಸುತ್ತದೆ. ಅಂದರೆ ಮೇ 30ರಿಂದ ಜೂನ್ 3ರ ನಡುವೆ ಮೊದಲ ಕತ್ತರಿಗೆ ಎಲ್ಲವೂ ಕೂಡಿಬಂದಿತ್ತು. ‘ತಿಂಗಳು ಮುಟ್ಟಬೇಡಿ’ ಎಂಬ ಮಾತಿಗೆ ಕಟ್ಟುಬಿದ್ದು ಆ ಅವಕಾಶ ಕಳೆದುಕೊಂಡರು. ಡಿಸೆಂಬರ್ ಚಳಿಯಲ್ಲಿ ಶಿರಸಿ ಕಡೆ ಹಾಸಿದ ಲಾನಿಗಾದರೆ ಆ ಮಾತು ಒಪ್ಪಿಗೆ, ಅಲ್ಲಿ ಬೇರಿಳಿಯಲು ಮೂರು–ನಾಲ್ಕು ವಾರ ಬೇಕೇ ಬೇಕು. ಮಳೆಗಾಲ ಎದುರಿಗಿಟ್ಟುಕೊಂಡು ಮೇ ತಿಂಗಳಲ್ಲಿ ಹಾಸಿದ ಕರಾವಳಿಯ ಅಂಗಳಕ್ಕೆ ಅದು ತಕ್ಕ ಸಲಹೆಯಲ್ಲ. ಕ್ಯಾಲೆಂಡರ್ ನೋಡಿ ಕಾಯುವುದೂ ಅವಸರ ಮಾಡಿದಷ್ಟೇ ಕೆಡುಕು. ತಡವಾದಷ್ಟೂ ಹುಲ್ಲು ಉದ್ದವಾಗುತ್ತದೆ, ಉದ್ದವಾದಷ್ಟೂ ಒಮ್ಮೆಗೇ ಹೆಚ್ಚು ಕತ್ತರಿಸುವ ಆಸೆ ಹುಟ್ಟುತ್ತದೆ.

ಎಷ್ಟು ಕತ್ತರಿಸಬೇಕು ಎಂಬುದಕ್ಕೆ ಹಳೆಯ ಲೆಕ್ಕವೊಂದಿದೆ: ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಇದು ಅಂದ ಚಂದದ ಮಾತಲ್ಲ, ಬೇರಿನ ಮಾತು. 1955ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ ಎಫ್. ಜೆ. ಕ್ರೈಡರ್ ಅವರ ಪ್ರಯೋಗಗಳಲ್ಲಿ, ಎಲೆಯ 40 ಶೇಕಡಾದವರೆಗೆ ತೆಗೆದಾಗ ಬೇರಿನ ಬೆಳವಣಿಗೆ ನಿಲ್ಲಲಿಲ್ಲ. ಅರ್ಧ ದಾಟಿದ ಮೇಲೆ ಹೆಚ್ಚು ಹೆಚ್ಚು ಬೇರುಗಳು ನಿಲ್ಲತೊಡಗಿದವು. 80 ಶೇಕಡಾ ತೆಗೆದಾಗ ಎಲ್ಲ ಬೇರೂ ನಿಂತು, ಮತ್ತೆ ಬೆಳೆಯಲು ಸುಮಾರು ಹನ್ನೆರಡು ದಿನ ಹಿಡಿಯಿತು. ಈ ಅಂಗಳದ ನೆರಳಿನ ಭಾಗದಲ್ಲಿ ಐದಿಂಚನ್ನು ಒಂದಿಂಚಿಗೆ ಇಳಿಸಿದ್ದರು, ಲೆಕ್ಕ ಹಾಕಿದರೆ ಸರಿಯಾಗಿ 80 ಶೇಕಡಾ. ಬೇರೂರಿದ ಹಳೇ ಲಾನ್ ಇಂಥ ಪೆಟ್ಟು ತಿಂದು ಸುಧಾರಿಸಿಕೊಳ್ಳುತ್ತದೆ. ಇನ್ನೂ ಕೆಳಗಿನ ಮಣ್ಣು ಹುಡುಕುತ್ತಿರುವ ಹೊಸ ತುಂಡಿಗೆ ಹನ್ನೆರಡು ದಿನ ಬೇರು ನಿಲ್ಲುವುದೆಂದರೆ ದೊಡ್ಡ ಹೊಡೆತ.

ಒಣಹುಲ್ಲಿನ ಬಣ್ಣ ಬಂದದ್ದಕ್ಕೂ ಇದೇ ಮೂಲ. ಉದ್ದ ಬಿಟ್ಟ ಬರ್ಮುಡಾದಲ್ಲಿ ಹಸಿರೆಲ್ಲ ತುದಿಯಲ್ಲೇ ಇರುತ್ತದೆ. ಬುಡದಲ್ಲಿ ಬೆಳಕು ಕಾಣದ ಪೇಲವ ದಂಟು ಮಾತ್ರ. ತುದಿ ಹಾರಿಸಿದರೆ ಉಳಿಯುವುದು ಆ ದಂಟೇ. ಅದು ರೋಗವಲ್ಲವಾದ್ದರಿಂದ ಔಷಧ ಹುಡುಕುವ ಅಗತ್ಯವೂ ಇರಲಿಲ್ಲ.

ನೆರಳಿನ 700 ಅಡಿ ಇನ್ನೊಂದು ಪಾಠ. ನೋಡುವವರಿಗೆ ಅದೇ ಹೆಚ್ಚು ಹುಲುಸಾಗಿ ಕಂಡಿತ್ತು, ಆದ್ದರಿಂದಲೇ ಮಷಿನ್ ಅಲ್ಲಿಂದ ಶುರುವಾಯಿತು. ನೆರಳಲ್ಲಿ ಹುಲ್ಲು ಉದ್ದವಾಗುವುದು ಬೆಳಕಿಗಾಗಿ ಚಾಚಿಕೊಂಡು; ಆ ಎತ್ತರಕ್ಕೂ ಬೇರಿಗೂ ಸಂಬಂಧವಿಲ್ಲ. ಎದ್ದ ತುಂಡುಗಳನ್ನು ಮಗುಚಿ ನೋಡಿದರೆ 27 ದಿನಗಳ ನಂತರವೂ ಅಡಿ ನುಣ್ಣಗಿತ್ತು. ಅಲ್ಲೊಂದು ಇಲ್ಲೊಂದು ಬಿಳಿ ಬೇರು ಕಾಲಿಂಚು ಇಳಿದು ಕಂದಾಗಿ ನಿಂತಿತ್ತು. ಜಿಗುಟು ಮಣ್ಣಿನ ಪದರದ ಕೆಳಗೆ ಮರಳು ಮಣ್ಣು ಬಂದರೆ, ಮೇಲಿನ ಪದರ ನೀರಲ್ಲಿ ಪೂರ್ತಿ ತೊಯ್ಯುವವರೆಗೆ ನೀರು ಕೆಳಕ್ಕೆ ಇಳಿಯುವುದಿಲ್ಲ. ಬೇರಿಗೆ ಉಸಿರಾಟವೂ ಇಲ್ಲ, ಕೆಳಗೆ ಹೋಗುವ ಕಾರಣವೂ ಇಲ್ಲ. ರೋಲರ್ ಎಳೆಯದ್ದರಿಂದ ತುಂಡಿನಡಿ ಗಾಳಿಯ ಟೊಳ್ಳುಗಳು ಉಳಿದಿದ್ದವು. ಅದಕ್ಕೆ ಮಾವಿನಮರದ ತೊಟ್ಟಿಕ್ಕುವಿಕೆ ಬೇರೆ. ಬಿಸಿಲಿನ ಬದಿಯಲ್ಲೂ ಇದೇ ಮಣ್ಣು, ಇದೇ ತುಂಡು. ಆದರೆ ಮೇ ಬಿಸಿಲಿಗೆ ನೀರು ಆರಿ, ಬೇರು ಎರಡು ಇಂಚು ಇಳಿದಿತ್ತು.

ಇನ್ನು ವೀಡ್ ಕಟರ್. ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆದು ಹರಿಯುತ್ತದೆ. ತುದಿ ಜೂಲುಜೂಲಾಗಿ ನೀರು ಸೋರುತ್ತದೆ. ನೆಲದಿಂದ ಇಷ್ಟೇ ಎತ್ತರ ಎಂದು ಹಿಡಿಯಲು ಅದಕ್ಕೆ ಚಕ್ರವಿಲ್ಲ. ಕೈ ಸ್ವಲ್ಪ ಇಳಿದರೆ ನೆಲದ ಮೇಲೆ ಹರಿಯುವ ಬಳ್ಳಿಗೇ ಪೆಟ್ಟು, ಬರ್ಮುಡಾ ಹಬ್ಬುವುದೇ ಆ ಬಳ್ಳಿಯಿಂದ. ಬೇರು ಹಿಡಿಯದ ತುಂಡಿನ ಅಂಚಿಗೆ ತಾಗಿದರೆ ಮೂಲೆಯನ್ನೇ ಎಬ್ಬಿಸಿ ಎಸೆಯುತ್ತದೆ. ಗೋಡೆ ಬದಿ, ಕಲ್ಲಿನ ಸಂದಿ ಮುಂತಾದ ಕಡೆ ಅದು ಒಳ್ಳೆಯ ಸಾಧನ, ಹೊಸ ಲಾನಿನ ಮೇಲೆ ಮೊದಲ ಮೂರು ತಿಂಗಳು ಅದಕ್ಕೆ ಕೆಲಸವಿಲ್ಲ.

ಮೊದಲ ಹತ್ತು ದಿನದ ದುರಸ್ತಿ

ಮೊದಲು ಮಾಡಿದ್ದು ಕೊಳೆಯುತ್ತಿದ್ದ ಹುಲ್ಲನ್ನು ತೆಗೆದದ್ದು. ತೆಂಗಿನ ಕಡ್ಡಿಯ ಹಿಡಿಯಿಂದ (ಪೊರಕೆಯಿಂದ), ತುಂಡು ಏಳದಂತೆ ಹಗುರವಾಗಿ, ಹಾಸಿದ ಸಾಲಿನ ಉದ್ದಕ್ಕೆ ಗುಡಿಸಿದರು. ಕಬ್ಬಿಣದ ಹಲ್ಲಿನ ಸಲಕರಣೆ ಬಳಸಲಿಲ್ಲ. ಮನೆಯಲ್ಲಿ ಅಡಿಕೆ ಕೊಳೆಗೆ ಹೊಡೆಯಲು ತಂದ ಮೈಲುತುತ್ತ, ಸುಣ್ಣ ಎರಡೂ ಇದ್ದವು. ಬೂಷ್ಟು ಕಂಡದ್ದೇ ಅವೆರಡನ್ನೂ ಬೆರೆಸಿ ಬೋರ್ಡೋ ದ್ರಾವಣ ಹೊಡೆಯೋಣವೆಂಬ ಮಾತೂ ಬಂತು. ಎಡೆಬಿಡದ ಮಳೆ, ಮೋಡ, ಗಾಳಿಯಾಡದ ತೇವ: ಅಡಿಕೆಗೆ ಕೊಳೆ ತರುವ ಹವೆಯೇ ಲಾನಿನ ಕೊಳೆಯನ್ನೂ ತರುತ್ತದೆ, ಅಷ್ಟು ಮಟ್ಟಿಗೆ ಆಲೋಚನೆ ಸರಿ. ಆದರೆ ಕೊಳೆಯುವ ಮುದ್ದೆ ಮೇಲಿದ್ದು, ನೀರು ಕೆಳಗೆ ನಿಂತಿರುವಾಗ ಏನು ಹೊಡೆದರೂ ಮುಂದಿನ ವಾರ ಮತ್ತೆ ಹಾಜರು. ಮುದ್ದೆ ತೆಗೆದು, ನಿಂತ ನೀರು ಬಸಿದ ಮೇಲೆ ಬೂಷ್ಟು ತಾನಾಗಿ ಕಡಿಮೆಯಾಯಿತು. ಔಷಧ ಹೊಡೆಯಲೇ ಇಲ್ಲ.

ನೀರಿಗೆ ದಾರಿ ಮಾಡಿದ್ದು ತೋಟದ ಪದ್ಧತಿಯಲ್ಲೇ. ಅಂಗಳದ ಇಳಿಜಾರಿನ ಅಂಚಿಗೆ ಆರಿಂಚು ಅಗಲ, ಎಂಟಿಂಚು ಆಳದ ಬಸಿಗಾಲುವೆ ತೋಡಿ, ಒಳಗೆ ಚಿರೆಕಲ್ಲಿನ ಚೂರು ತುಂಬಿದರು. ಚಿರೆಕಲ್ಲಿನ ಪದರ ನೀರನ್ನು ಕೆಳಕ್ಕೆ ಬಿಡದಿದ್ದಾಗ ಪಕ್ಕಕ್ಕೆ ಹರಿಸುವುದೊಂದೇ ಉಪಾಯ.

ಎದ್ದ ತುಂಡುಗಳನ್ನು ಹಾಗೇ ತುಳಿದು ಕೂರಿಸುವ ಅಭ್ಯಾಸ ಉಂಟು. ಅದರಿಂದ ಪ್ರಯೋಜನವಿಲ್ಲ, ಅಡಿ ನುಣ್ಣಗಿರುವ ತುಂಡು ನುಣ್ಣಗಿನ ನೆಲಕ್ಕೆ ಹಿಡಿಯುವುದಿಲ್ಲ. ಪ್ರತಿ ತುಂಡನ್ನೂ ಎತ್ತಿ, ಕೆಳಗಿನ ಮಣ್ಣನ್ನು ಕೈಗುದ್ದಲಿಯಿಂದ ಒಂದಿಂಚು ಕೆರೆದರು. ಟೊಳ್ಳಿದ್ದಲ್ಲಿ ಮರಳು–ಮಣ್ಣು ಸಮಪಾಲು ಬೆರೆಸಿ ತುಂಬಿದರು. ತುಂಡಿನ ಅಡಿಯ ಜಿಗುಟು ಮಣ್ಣನ್ನೂ ಚಾಕುವಿನ ತುದಿಯಿಂದ ಅಡ್ಡಡ್ಡ ಗೀರಿ, ಮತ್ತೆ ಹಾಸಿ, ಮೇಲೆ ಹಲಗೆ ಇಟ್ಟು ಹಲಗೆಯ ಮೇಲೆ ನಿಂತು ಒತ್ತಿದರು. ಇಳಿಜಾರಿದ್ದಲ್ಲಿ ಆರಿಂಚಿನ ಬಿದಿರು ಗೂಟ, ತುಂಡಿಗೆರಡರಂತೆ, ತಲೆ ನೆಲಮಟ್ಟಕ್ಕೆ ಬರುವ ಹಾಗೆ. ಈ ಗೂಟಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು. ಹುಲ್ಲು ಕತ್ತರಿಸುವ ಮಷಿನಿನ ಬ್ಲೇಡ್ ಕೆಡಲು ಮರೆತ ಒಂದು ಗೂಟ ಸಾಕು. ಸಂದಿಗಳಲ್ಲಿ ತಲೆಯೆತ್ತಿದ್ದ ಜೇಕು ಕಳೆಯನ್ನು ಗಡ್ಡೆ ಸಮೇತ ಕೈಯಲ್ಲೇ ಕಿತ್ತರು.

ಯೂರಿಯಾ ಹಾಕಲಿಲ್ಲ. ಹಳದಿ ಕಂಡ ಕೂಡಲೇ ಯೂರಿಯಾ ಎರಚುವುದು ಇಲ್ಲಿ ಸಾಮಾನ್ಯ. ಮೃಗಶಿರಾ ಮಳೆಯಲ್ಲಿ ಅದರ ಬಹುಪಾಲು ಕಾಲುವೆ ಪಾಲು. ಉಳಿದದ್ದು ಮೆತ್ತಗಿನ ಎಲೆ ಬೆಳೆಸಿ ಕೊಳೆಗೆ ಊಟ ಹಾಕುತ್ತದೆ.

ಕತ್ತರಿ ಕಾಣದ 600 ಅಡಿಗೆ ಮೊದಲ ಕತ್ತರಿ

ಇದನ್ನು ಸರಿಯಾಗಿ ಮಾಡಿದ್ದರಿಂದ ವಿವರವಾಗಿ ಹೇಳುವುದು ಒಳ್ಳೆಯದು. ಆರಿದ್ರಾ ಶುರುವಾಗಿ ಎರಡು ದಿನಕ್ಕೆ, ಜೂನ್ 24ರಂದು ಮಳೆ ಹೊಳವಾಯಿತು. ಹಿಂದಿನ ದಿನ ಮಧ್ಯಾಹ್ನದಿಂದ ಹನಿ ಬಿದ್ದಿರಲಿಲ್ಲ. ಮಷಿನ್ ಹೊರತೆಗೆಯುವ ಮೊದಲು ಮೂರು ಪರೀಕ್ಷೆ.

ಒಂದು, ಎಳೆದು ನೋಡುವುದು. ತುಂಡಿನ ಮೂಲೆಯ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆಳೆಯಬೇಕು. ಮೂಲೆ ಚಾಪೆಯಂತೆ ಎದ್ದರೆ ಬೇರು ಹಿಡಿದಿಲ್ಲ. ನೆಲವೇ ಬಿಗಿದು ಹಿಡಿದಂತೆ ಅನಿಸಿ ಒಂದೆರಡು ಎಲೆ ಹರಿದು ಕೈಗೆ ಬಂದರೆ ಹಿಡಿದಿದೆ. ನಡುವಿನ ತುಂಡೊಂದನ್ನು ನೋಡಿ ತೀರ್ಮಾನಿಸಬಾರದು. ಅಂಚು, ಇಳಿಜಾರು, ಸಂದಿ ಸೇರಿ ಹತ್ತು ಕಡೆ ನೋಡಬೇಕು, ಅದೇ ಮೂಲೆಯನ್ನು ದಿನಾ ಎಳೆಯಲೂ ಬಾರದು. ಎರಡು, ಒಂದೇ ಒಂದು ಕಡೆ ಚಾಕುವಿನಿಂದ ಮೂರು ಬದಿ ಕೊಯ್ದು ಅಂಗೈಯಗಲದ ಮಡಿಕೆ ತೆರೆದು ನೋಡಿದ್ದು: ಕೆಳಮಣ್ಣಿನೊಳಗೆ ಎರಡಿಂಚು ಬಿಳಿ ಬೇರು. ಬಿಳಿ ಇದ್ದರೆ ಜೀವ ಇದೆ. ಕಂದಾಗಿ ಜಾರುವಂತಿದ್ದರೆ ನೀರು ನಿಂತಿದೆ ಎಂದರ್ಥ. ಮೂರನೆಯದು ನೆಲದ ಪರೀಕ್ಷೆ, ಕರಾವಳಿಯಲ್ಲಿ ಇದನ್ನು ಬಿಟ್ಟರೆ ಉಳಿದೆರಡೂ ವ್ಯರ್ಥ. ಒಂದೇ ಹಿಮ್ಮಡಿಯ ಮೇಲೆ ಭಾರ ಹಾಕಿ ನಿಂತು ಕಾಲು ತೆಗೆದಾಗ ಗುಳಿ ಕಾಲಿಂಚಿಗಿಂತ ಆಳವಿದ್ದರೆ ಅಥವಾ ನೀರು ಜಿನುಗಿದರೆ ಆ ದಿನ ಮಷಿನ್ ಬೇಡ.

ಮೊದಲೆರಡು ಪರೀಕ್ಷೆ ಪಾಸಾದವು. ಮೂರನೆಯದು ಬೆಳಿಗ್ಗೆ ಒಂಬತ್ತಕ್ಕೆ ಫೇಲು. ಮಧ್ಯಾಹ್ನ ಎರಡೂವರೆಗೆ ಮತ್ತೆ ನೋಡಿದಾಗ ನೆಲ ಬಿಗಿದಿತ್ತು, ಎಲೆ ಮೇಲಿನ ತೇವವೂ ಆರಿತ್ತು. ಪೂರ್ತಿ ಒಣಗಲಿ ಎಂದು ಆರಿದ್ರಾದಲ್ಲಿ ಕಾಯುತ್ತ ಕೂತರೆ ಮಘಾ ಮಳೆಯವರೆಗೂ ಕಾಯಬೇಕಾದೀತು. ಎಲೆ ಸ್ವಲ್ಪ ತೇವವಿದ್ದರೂ ನಡೆಯುತ್ತದೆ, ನೆಲ ಮೆತ್ತಗಿದ್ದರೆ ನಡೆಯುವುದಿಲ್ಲ.

ಮಷಿನ್ ಬ್ಯಾಟರಿಯ ರೋಟರಿ ಮೂವರ್ (ಬ್ಲೇಡು ಫ್ಯಾನಿನಂತೆ ತಿರುಗಿ ಹುಲ್ಲು ಕತ್ತರಿಸುವಂಥದ್ದು), 14 ಇಂಚಿನದು, ತೂಕ ಸುಮಾರು 15 ಕಿಲೊ. ಪೆಟ್ರೋಲಿನ ದೊಡ್ಡ ಮಷಿನ್ 25–30 ಕಿಲೊ ದಾಟುವುದರಿಂದ ಹೊಸ ಲಾನಿನ ಸಂದಿಗಳಲ್ಲಿ ಚಕ್ರ ಹೂತುಹೋಗುತ್ತದೆ. ಕೈಯಲ್ಲಿ ನೂಕುವ ಸಿಲಿಂಡರ್ ಮಷಿನ್ ಹಗುರ, ಕತ್ತರಿಸುವುದೂ ಕತ್ತರಿಯಷ್ಟೇ ಚೊಕ್ಕ. ಆದರೆ ನಾಲ್ಕಿಂಚು ಬೆಳೆದ ಹುಲ್ಲನ್ನು ಅದು ಮಲಗಿಸಿಕೊಂಡು ಮುಂದೆ ಹೋಗುತ್ತದೆ. ಹುಲ್ಲು ಹದಕ್ಕೆ ಬಂದ ಮೇಲೆ ಅದೇ ಒಳ್ಳೆಯದು. ವೈರಿನ ಕರೆಂಟ್ ಮಷಿನ್ ಬಳಸುವವರು 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇಲ್ಲದ ಪ್ಲಗ್ಗಿಗೆ ಮಳೆಗಾಲದಲ್ಲಿ ಕೈ ಹಚ್ಚಲೇಬಾರದು.

ಬ್ಯಾಟರಿ ಕಳಚಿಟ್ಟು ಬ್ಲೇಡ್ ಬಿಚ್ಚಿದರು. ಸಮುದ್ರದ ಉಪ್ಪುಗಾಳಿಗೆ ಎರಡು ವಾರ ಸುಮ್ಮನಿಟ್ಟ ಬ್ಲೇಡೂ ತುಕ್ಕು ಹಿಡಿದು ಮೊಂಡಾಗುತ್ತದೆ. ಮೊದಲಿದ್ದ ಓರೆಯಲ್ಲೇ ಅರದಿಂದ ಉಜ್ಜಿ, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿದರು. ಯಾವ ರೆಕ್ಕೆ ಕೆಳಗಿಳಿಯಿತೋ ಆ ಬದಿ ಭಾರ, ಅದನ್ನೇ ಇನ್ನಷ್ಟು ಉಜ್ಜಬೇಕು. ಎರಡೂ ಸಮ ನಿಂತ ಮೇಲೆ ಕೂರಿಸಿದ್ದು. ಸಮ ಇಲ್ಲದ ಬ್ಲೇಡ್ ಮಷಿನನ್ನು ನಡುಗಿಸಿ ಹುಲ್ಲನ್ನು ಅಲೆ ಅಲೆಯಾಗಿ ಕತ್ತರಿಸುತ್ತದೆ.

ಎತ್ತರದ ಲಿವರಿನ ಮೇಲೆ 1, 2, 3 ಎಂದು ಬರೆದಿದ್ದು ಇಂಚಲ್ಲ. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ನೆಲದಿಂದ ಬ್ಲೇಡಿನ ಅಂಚಿಗೆ ಸ್ಕೇಲ್ ಹಿಡಿದು ಅಳೆದದ್ದೇ ಲೆಕ್ಕ. ಹುಲ್ಲು ಆಗಲೂ ನಾಲ್ಕೂವರೆ ಇಂಚಿನ ಆಸುಪಾಸು, ಮಳೆಗೆ ಮಲಗಿತ್ತು. ಮೂರರಲ್ಲೊಂದು ಪಾಲು ತೆಗೆದರೆ ಉಳಿಯಬೇಕಾದ್ದು ಮೂರಿಂಚು. ಮೆತ್ತಗಿನ ನೆಲದಲ್ಲಿ ಚಕ್ರ ಕಾಲಿಂಚಾದರೂ ಇಳಿಯುತ್ತದೆಂದು ಮೂರೂಕಾಲಿಗೆ ಇಟ್ಟರು. ಮಲಗಿದ ಹುಲ್ಲನ್ನು ಮೊದಲು ಕಡ್ಡಿಹಿಡಿಯಿಂದ ಹಗುರವಾಗಿ ಎಬ್ಬಿಸಿ, ಬಿದ್ದ ಮಡಲಿನ ಚೂರು, ಮಾವಿನ ಕಡ್ಡಿ, ಕಲ್ಲು ಹೆಕ್ಕಿದ್ದಾಯಿತು.

ಓಡಿಸಿದ್ದು ತುಂಡಿನ ಸಂದಿಗಳಿಗೆ ಓರೆಯಾಗಿ. ಸಂದಿಯ ಉದ್ದಕ್ಕೇ ಹೋದರೆ ಒಂದು ಚಕ್ರ ಸಂದಿಯಲ್ಲಿ ಇಳಿದು ತುಂಡಿನ ಅಂಚನ್ನು ಕೀಳುತ್ತದೆ. ನಿಂತಲ್ಲೇ ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕೊನೆಯಲ್ಲಿ ಹಲಗೆ ಹಾಸಿ ಅದರ ಮೇಲೆ ತಿರುಗಿಸಿದರು. ಹುಲ್ಲು ಸಂಗ್ರಹಿಸುವ ಬುಟ್ಟಿಯನ್ನು ಅರ್ಧ ತುಂಬುತ್ತಿದ್ದಂತೆ ಖಾಲಿ ಮಾಡಿದರು, ತುಂಬಿದ ಹಸಿ ಹುಲ್ಲಿನ ಬುಟ್ಟಿ ಹಿಂಬದಿ ಚಕ್ರಕ್ಕೆ ಹೊರೆ. ಮೊದಲೆರಡು ಸಲದ ಹುಲ್ಲನ್ನು ಲಾನಿನ ಮೇಲೆ ಬಿಡಬಾರದು. ದನಗಳಿಗೆ ಹಾಕಬಹುದು, ಔಷಧ ಹೊಡೆದಿರದಿದ್ದರೆ.

ಎರಡನೇ ಸಲ ಜೂನ್ 29ಕ್ಕೆ, ಮೂರಿಂಚಿನ ಚಿಲ್ಲರೆಯಿಂದ ಎರಡೂಕಾಲಿಗೆ. ಮೂರನೇ ಸಲ ಪುನರ್ವಸುವಿನಲ್ಲಿ, ಎರಡಿಂಚಿಗೆ. ಮಳೆಗಾಲವಿಡೀ ಎರಡಿಂಚಿನ ಕೆಳಗೆ ಇಳಿಸಲಿಲ್ಲ. ಮೋಡದ ಬೆಳಕಲ್ಲಿ ಹುಲ್ಲಿಗೆ ಹೆಚ್ಚು ಎಲೆ ಬೇಕು. ಬರ್ಮುಡಾವನ್ನು ಒಂದೂವರೆಗೆ ಇಳಿಸುವುದೇನಿದ್ದರೂ ನವರಾತ್ರಿಯ ಬಿಸಿಲು ಬಂದ ಮೇಲೆ, ಅದೂ ಎರಡು ಕಂತಿನಲ್ಲಿ.

ಫಲ

ಕ್ರಮವಾಗಿ ಇಳಿಸಿದ 600 ಅಡಿಯಲ್ಲಿ ಬಣ್ಣಗೆಟ್ಟದ್ದು ಒಂದೂ ಇಲ್ಲ. ಬಿಸಿಲಿನ ಬದಿಯಲ್ಲೇ ಬೋಳಿಸಿದ್ದ 500 ಅಡಿ ಐದು ವಾರ ತೆಗೆದುಕೊಂಡಿತು. ಬೇರು ಇಳಿದಿದ್ದರಿಂದ ಉಳಿದ ಬಳ್ಳಿಗಳೇ ಚಿಗುರಿ ಮುಚ್ಚಿದವು. ಅಲ್ಲಿ ಎರಡೂವರೆ ಇಂಚು ಆಗುವವರೆಗೆ ಯಾವ ಮಷಿನೂ ಹಾಯಿಸಲಿಲ್ಲ. ಜುಲೈ ಕೊನೆಯ ಹೊಳವಿನಲ್ಲಿ 15:15:15 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಚದರ ಮೀಟರಿಗೆ 15 ಗ್ರಾಮಿನಂತೆ ಕೊಟ್ಟರು. 500 ಅಡಿ ಎಂದರೆ 46 ಚದರ ಮೀಟರ್, ಒಟ್ಟು 700 ಗ್ರಾಂ. ಒಣ ಎಲೆಯ ಮೇಲೆ ಎರಚಿ, ಮೇಲಿಂದ ನೀರು ಚಿಮುಕಿಸಿ ತೊಳೆದದ್ದು.

ನೆರಳಿನ 700 ಅಡಿಯಲ್ಲಿ ತೆಂಗಿನಡಿಯ 400 ಅಡಿ ಉಳಿಯಿತು. ತೆಂಗಿನ ನೆರಳು ಸರಿದಾಡುವ ನೆರಳು, ದಿನದಲ್ಲಿ ಕೆಲವು ತಾಸು ನೇರ ಬಿಸಿಲು ಬೀಳುತ್ತದೆ. ಮಾವಿನಡಿಯ 300 ಅಡಿ ಸತ್ತಿತು. ಕತ್ತರಿ ಸರಿಯಾಗಿ ಬಿದ್ದಿದ್ದರೂ ಅದು ಬಹಳ ಕಾಲ ಬಾಳುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು. ಬರ್ಮುಡಾಕ್ಕೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು, ಹಳೇ ಮಾವಿನಡಿ ಅದರ ಕಾಲುಪಾಲೂ ಇಲ್ಲ. ಅಲ್ಲಿ ಮತ್ತೆ ಅದೇ ಹುಲ್ಲು ತಂದು ಹಾಸುವ ವಿಚಾರವನ್ನು ಬಿಡಿಸಿ, ಬುಡದ ಸುತ್ತ ಚಿರೆಕಲ್ಲು ಹಾಸಿ, ಹೊರ ಅಂಚಿಗೆ ನೆರಳು ತಾಳುವ ಅಗಲ ಎಲೆಯ ಕಾರ್ಪೆಟ್ ಹುಲ್ಲನ್ನು ಹಾಕಲು ಹೇಳಲಾಯಿತು. ಆ ಹುಲ್ಲನ್ನು ಅಕ್ಟೋಬರಿನಲ್ಲಿ, ಮಳೆ ಬಿಟ್ಟು ನೆಲದಲ್ಲಿ ತೇವ ಇರುವಾಗಲೇ ನೆಡಬೇಕು. ಹಾಸಿದ ದಿನವೇ ರೋಲರ್ ಎಳೆಯಬೇಕು. ನೀರು ತುಂಬಿದ 200 ಲೀಟರಿನ ಡ್ರಮ್ಮು ಬೇಡ, ಅದು ವಿಪರೀತ ಭಾರ, ಕಾಲುಭಾಗ ತುಂಬಿ ಉರುಳಿಸಿದರೆ ಸಾಕು. ಮೊದಲ ಕತ್ತರಿಗೆ ಅದೇ ಮೂರು ಪರೀಕ್ಷೆ, ಮೂರಿಂಚು ಬೆಳೆದಾಗ ಎರಡಿಂಚಿಗೆ. ಆಗ ನೀರು ಬಿಡುವುದು ನಮ್ಮ ಕೈಯಲ್ಲೇ ಇರುವುದರಿಂದ, ಕತ್ತರಿಸುವ ಎರಡು ದಿನ ಮೊದಲು ಪೈಪು ನಿಲ್ಲಿಸಿ, ಕತ್ತರಿಸಿದ ಸಂಜೆ ಚೆನ್ನಾಗಿ ಉಣಿಸಬೇಕು.